ಮಿಠಾಯಿ ಕಾಲಾಳು

"ಅಮ್ಮಾ, ಒಳಗೆ ಬಾ. ಅಲ್ಲಿ ಫ್ಯಾನ್ ಇದೆ, ಕುರ್ಚಿ ಇದೆ. ಎಲ್ಲರ ಅಮ್ಮಂದಿರೂ ಒಳಗೇ ಕೂತಿದಾರೆ."

"ನಾನಿಲ್ಲೇ ಇರ್ತೀನಿ. ನೀನು ಹೋಗು, ಹೊತ್ತಾಯ್ತು."

"ಇಲ್ಲೇನಿದೆ? ಬರೀ ಬಿಸಿಲು."

"ಬಿಸಿಲೇನು ನನ್ನ ತಿಂದುಹಾಕುತ್ತಾ? ಹೋಗು ಅಂದ್ನಲ್ಲ."

ನಿನ್ನೆ ಮೂರು ಸುತ್ತು, ಇವತ್ತು ಬೆಳಗ್ಗೆ ಒಂದು ಸುತ್ತು ಮುಗಿದಿತ್ತು. ಪ್ರತಿ ಸುತ್ತಿಗೆ ಮೊದಲೂ ಮೊಂಡಿ ಇದೇ ಮಾತು ಹೇಳಿದ್ದಳು, ಅಮ್ಮ ಇದೇ ಉತ್ತರ ಕೊಟ್ಟಿದ್ದಳು. ಶಾಲೆಯ ಮೈದಾನದ ಮೂಲೆಯಲ್ಲಿ ಹಳದಿ ಸ್ಕೂಲ್ ಬಸ್ಸೊಂದು ನಿಂತಿತ್ತು. ಅಮ್ಮ ಅದರ ಹಿಂದೆ, ಗೇಟಿಗೆ ಬೆನ್ನು ಹಾಕಿ, ತಲೆಗೆ ಶಾಲು ಸುತ್ತಿಕೊಂಡು ನಿಂತಿದ್ದಳು. ಯಾರಾದರೂ ನೋಡಿದರೆ ಬಸ್ ಕದಿಯಲು ಬಂದವಳು ಅಂದುಕೊಳ್ಳಬೇಕು, ಹಾಗೆ.

ಅಮ್ಮನಿಗೆ ಈ ಚೆಸ್ ಟೂರ್ನಮೆಂಟ್ ಮೊದಲಿನಿಂದಲೂ ಇಷ್ಟವಿರಲಿಲ್ಲ. "ಊರಿನ ಆ ತುದೀಲಿ? ಅಷ್ಟು ದೂರ ಬೇಡ," ಎಂದು ಒಂದು ವಾರ ಹಟ ಹಿಡಿದಿದ್ದಳು. ಲೆಕ್ಕದ ಟೀಚರ್ ಮನೆಗೇ ಬಂದು, "ನಮ್ಮ ಸ್ಕೂಲಿಂದ ಇವಳೊಬ್ಬಳೇ ಇರೋದು ಕಣಮ್ಮ, ದಯವಿಟ್ಟು ಕಳಿಸಿ," ಎಂದು ಕೇಳಿಕೊಂಡ ಮೇಲೆ ಒಪ್ಪಿದಳು. ಅದೂ, "ನಾನೂ ಜೊತೆಗೆ ಬರ್ತೀನಿ," ಎಂಬ ಷರತ್ತಿನ ಮೇಲೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಿಸುವ ಕೆಲಸ ಅವಳದು. ಎರಡು ದಿನ ರಜೆ ಕೇಳಿದ್ದಕ್ಕೆ ಸೂಪರ್‌ವೈಸರ್ ಕೈಯಲ್ಲಿ ಚೆನ್ನಾಗಿ ಬೈಸಿಕೊಂಡಿದ್ದಳು.

ಮೊಂಡಿ ಎಂಬುದು ಅವಳ ನಿಜವಾದ ಹೆಸರಲ್ಲ. ಅಪ್ಪ ಇಟ್ಟ ಹೆಸರು. ಎಲ್ಲ ಕಾಯಿಯೂ ಹೋಗಿ ಒಂಟಿ ರಾಜ ಉಳಿದರೂ ಅವಳು "ಸೋತೆ" ಅಂತ ತಾನಾಗಿ ಹೇಳುತ್ತಿರಲಿಲ್ಲ. ಎದುರಾಳಿಗೆ ಆಕಳಿಕೆ ಬಂದು, ಹಸಿವಾಗಿ, ತಲೆ ಕೆಟ್ಟು ತಪ್ಪು ಮಾಡುವ ತನಕ ರಾಜನನ್ನು ಆ ಮನೆಯಿಂದ ಈ ಮನೆಗೆ ಓಡಿಸುತ್ತಿದ್ದಳು. "ಎಂಥಾ ಮೊಂಡಿ ಇವಳು!" ಎಂದು ಅಪ್ಪ ನಗುತ್ತಿದ್ದ. ಈಗ ಶಾಲೆಯಲ್ಲೂ ಅದೇ ಹೆಸರು.

ಅಪ್ಪ ಲಿಫ್ಟ್ ಮೆಕ್ಯಾನಿಕ್. ಎಂಟು ತಿಂಗಳ ಹಿಂದೆ ಬಂದರು ಇರುವ ದೂರದ ಊರಿಗೆ ಹೋಗಿದ್ದ. ಅಲ್ಲಿ ದೊಡ್ಡ ದೊಡ್ಡ ಕಟ್ಟಡಗಳು ಏಳುತ್ತಿವೆ, ಎಲ್ಲದಕ್ಕೂ ಲಿಫ್ಟ್ ಕೂರಿಸಬೇಕು, ಮುಗಿಯುವ ತನಕ ಬರುವ ಹಾಗಿಲ್ಲ. ಅಮ್ಮ ಹೇಳಿದ್ದು ಹಾಗೆ. ಮೊದಲು ಭಾನುವಾರ ಭಾನುವಾರ ಫೋನ್ ಬರುತ್ತಿತ್ತು. ಆಮೇಲೆ ಮೊಂಡಿ ಶಾಲೆಯಲ್ಲಿದ್ದಾಗ ಮಾತ್ರ ಬರತೊಡಗಿತು. "ಇವತ್ತೂ ಅಪ್ಪ ಫೋನ್ ಮಾಡಿದ್ರು, ನಿನ್ನ ಕೇಳಿದ್ರು," ಎಂದು ಅಮ್ಮ ಅನ್ನ ಬಡಿಸುತ್ತಾ ಹೇಳುತ್ತಿದ್ದಳು.

ಈ ಟೂರ್ನಮೆಂಟಿನಲ್ಲಿ ಮೊದಲ ನಾಲ್ಕು ಸ್ಥಾನ ಪಡೆದವರ ಟೀಮ್ ಆಗುತ್ತದೆ. ಆ ಟೀಮ್ ಮುಂದಿನ ತಿಂಗಳು ಆಡಲು ಹೋಗುವುದು ಎಲ್ಲಿಗೆ ಗೊತ್ತೇ? ಅದೇ ಬಂದರಿನ ಊರಿಗೆ. ನೋಟಿಸ್ ಬೋರ್ಡಿನಲ್ಲಿ ಅದನ್ನು ಓದಿದ ದಿನ ಮೊಂಡಿಗೆ ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲ. ಅಪ್ಪ ಕೆಲಸ ಮಾಡುವ ಕಟ್ಟಡ ಹುಡುಕಿ ಲಿಫ್ಟಿನ ಮುಂದೆ ನಿಲ್ಲಬೇಕು. ಬಾಗಿಲು ತೆರೆಯಬೇಕು. ಒಳಗಿಂದ ಅಪ್ಪ ಗ್ರೀಸ್ ಮೆತ್ತಿದ ಕೈಯಲ್ಲೇ ಹೊರಗೆ ಬರಬೇಕು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

ಈಗ ಕೊನೆಯ ಸುತ್ತು. ಗೆಲ್ಲಲೇಬೇಕೆಂದಿಲ್ಲ, ಡ್ರಾ ಆದರೂ ಸಾಕು. ಸೋತರೆ ಮಾತ್ರ ಟೀಮ್ ಇಲ್ಲ.

"ಡ್ರಾ ಸಾಕು," ಎಂದು ತನಗೆ ತಾನೇ ಹೇಳಿಕೊಂಡು ಅವಳು ಹಾಲಿನೊಳಗೆ ಓಡಿದಳು.

ಎದುರಾಳಿ ಆಗಲೇ ಕೂತಿದ್ದ. ಅವಳಷ್ಟೇ ವಯಸ್ಸಿನ ಹುಡುಗ, ಅಗಲ ಕಿವಿ, ಕೆಂಪು ಶೂಸ್. ಕಾಲು ನೆಲಕ್ಕೆ ಎಟುಕದೆ ಶೂಸ್ ಗಾಳಿಯಲ್ಲಿ ಆಡುತ್ತಿದ್ದವು. ಅವನಿಗೆ ಬಿಳಿ ಕಾಯಿ, ಇವಳಿಗೆ ಕಪ್ಪು.

"ಮಾತಾಡೋ ಹಾಗಿಲ್ಲ. ಮುಟ್ಟಿದ ಕಾಯೇ ನಡೆಸಬೇಕು. ಒಬ್ಬೊಬ್ಬರಿಗೂ ಮುಕ್ಕಾಲು ಗಂಟೆ, ನಡೆಗೊಂದು ಅರ್ಧ ನಿಮಿಷ ಬೋನಸ್. ಶುರು ಮಾಡಿ," ಎಂದರು ಆರ್ಬಿಟರ್. ಪಂದ್ಯದ ನಿಯಮ ನೋಡಿಕೊಳ್ಳುವವರು ಅವರು. ಒಂದು ಕನ್ನಡಕ ಮೂಗಿನ ಮೇಲೆ, ಇನ್ನೊಂದು ತಲೆಯ ಮೇಲೆ ಇಟ್ಟುಕೊಂಡು ಓಡಾಡುತ್ತಿದ್ದರು.

ಹುಡುಗ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದ. ಮೊಂಡಿ ತನ್ನ ರಾಜನ ಮುಂದಿನ ಕಾಲಾಳನ್ನು ಒಂದೇ ಮನೆ ನಡೆಸಿದಳು.

ಇದಕ್ಕೆ ಫ್ರೆಂಚ್ ಡಿಫೆನ್ಸ್ ಅನ್ನುತ್ತಾರೆ. ತುಂಬ ಹಳೆಯ ಆಟ. ಅಪ್ಪ ಅದನ್ನು "ಗೋಡೆ" ಅನ್ನುತ್ತಿದ್ದ. ತನ್ನ ಸಾಮಾನಿನ ಪೆಟ್ಟಿಗೆಯನ್ನು ಬೋರಲು ಹಾಕಿ, ಅದರ ಮೇಲೆ ಬೋರ್ಡ್ ಹಾಸಿ ಹೇಳಿಕೊಟ್ಟಿದ್ದ. ಒಂದು ಕಾಲಾಳು ಕಳೆದುಹೋಗಿದ್ದರಿಂದ ಅದರ ಜಾಗದಲ್ಲಿ ದಪ್ಪ ನಟ್ ಒಂದು ನಿಲ್ಲುತ್ತಿತ್ತು.

"ನೋಡು, ಎಲ್ಲರೂ ಮೊದಲು ಹೊಡೆಯೋಕೆ ಹೋಗ್ತಾರೆ. ನೀನು ಮೊದಲು ಗೋಡೆ ಕಟ್ಟು. ಅವನು ಬಂದು ಗುದ್ದಲಿ. ಗುದ್ದಿ ಗುದ್ದಿ ಅವನ ಕೈಯೇ ನೋಯುತ್ತೆ," ಎಂದಿದ್ದ ಅಪ್ಪ.

"ಆದ್ರೆ ನನ್ನ ಒಂಟೆ ಒಳಗೇ ಸಿಕ್ಕಿಹಾಕ್ಕೊಂಡಿದೆಯಲ್ಲಪ್ಪ. ಎಲ್ಲೂ ಹೋಗೋಕಾಗ್ತಿಲ್ಲ."

"ಗೋಡೆ ಬೇಕು ಅಂದ್ರೆ ಯಾರಾದ್ರೂ ಒಬ್ಬರು ಒಳಗೆ ಕೂರಲೇಬೇಕು, ಮೊಂಡಿ."

ಹುಡುಗ ರಾಣಿಯ ಮುಂದಿನ ಕಾಲಾಳನ್ನೂ ಎರಡು ಮನೆ ನಡೆಸಿದ. ಅವಳೂ ಹಾಗೇ ಮಾಡಿದಳು. ಅವನು ಮೊದಲ ಕಾಲಾಳನ್ನು ಇನ್ನೊಂದು ಮನೆ ಮುಂದಕ್ಕೆ ತಳ್ಳಿದ. ಅವಳು ಪಕ್ಕದಿಂದ ಇನ್ನೊಂದು ಕಾಲಾಳನ್ನು ತಂದು ಅವನ ಸಾಲಿಗೆ ಗುರಿಯಿಟ್ಟಳು. ಎಲ್ಲವೂ ಅವಳಿಗೆ ಬಾಯಿಪಾಠ. ಕುದುರೆ ಬಂತು, ರಾಣಿ ಬಂದಳು. ಗೋಡೆ ಗಟ್ಟಿಯಾಗಿತ್ತು.

ಆಗ ಅವಳು ಹುಡುಗನ ಕೈ ಗಮನಿಸಿದಳು.

ಅವನು ಕುದುರೆಯನ್ನು ಅದರ ಮನೆಯಲ್ಲಿಟ್ಟು, ಎರಡು ಬೆರಳಿನಲ್ಲಿ ಹಿಡಿದು, ಬಲಕ್ಕೊಮ್ಮೆ ತಿರುಗಿಸಿದ. ಸ್ಕ್ರೂ ಬಿಗಿ ಮಾಡಿದ ಹಾಗೆ. ಮುಂದಿನ ನಡೆಯಲ್ಲಿ ಒಂಟೆಯನ್ನೂ ಹಾಗೇ ತಿರುಗಿಸಿದ. ಅಪ್ಪನಿಗೆ ಇದೇ ಅಭ್ಯಾಸವಿತ್ತು. "ಬಿಗಿ ಮಾಡದಿದ್ರೆ ಬಿದ್ದುಹೋಗುತ್ತೆ," ಎನ್ನುತ್ತಿದ್ದ.

ಯಾರಿಗಾದರೂ ಇರಬಹುದು, ಅದರಲ್ಲೇನು ಅಂದುಕೊಂಡಳು ಮೊಂಡಿ. ನಡುವಿನಲ್ಲಿ ಒಂದೊಂದು ಕಾಲಾಳು ಬದಲಾದವು. ಅವಳು ಒಳಗೆ ಸಿಕ್ಕಿಕೊಂಡಿದ್ದ ಒಂಟೆಯನ್ನು ಒಂದು ಮನೆ ಮೇಲಕ್ಕೆತ್ತಿದಳು. ಈಗ ಬೋರ್ಡಿನ ನಡುವೆ ನಿಂತಿದ್ದ ಹುಡುಗನ ಕಾಲಾಳಿಗೆ ಅಪಾಯವಿತ್ತು. ಅದನ್ನು ಕಾಯದಿದ್ದರೆ ಪುಕ್ಕಟೆ ಹೋಗುತ್ತದೆ.

ಹುಡುಗ ಅದನ್ನು ಕಾಯಲಿಲ್ಲ. ರಾಜನನ್ನು ಮೂಲೆಗೆ ಸರಿಸಿ ಆನೆಯನ್ನು ಪಕ್ಕಕ್ಕೆ ತಂದ. ಕ್ಲಾಕ್ ಒತ್ತಿದ. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು, ತನ್ನಷ್ಟಕ್ಕೆ ತಾನೇ ಅನ್ನುವ ಹಾಗೆ, ಮೆಲ್ಲಗೆ ಅಂದ.

"ಮಿಠಾಯಿ."

ಮೊಂಡಿ ಬೋರ್ಡಿನಿಂದ ತಲೆ ಎತ್ತಿದಳು.

ಆ ಕಾಲಾಳಿಗೆ ಮಿಠಾಯಿ ಎಂಬ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಲೆಕ್ಕದ ಟೀಚರಿಗೂ ಗೊತ್ತಿಲ್ಲ. ಅದು ಅಪ್ಪನ ಮಾತು. ಬಿಳಿ ಕಾಯಿ ಹಿಡಿದಾಗಲೆಲ್ಲ ಅಪ್ಪ ಇದೇ ಜಾಗದಲ್ಲಿ ಇದೇ ಕಾಲಾಳನ್ನು ಬಿಟ್ಟು, ಕಣ್ಣು ಮಿಟುಕಿಸಿ, "ಮಿಠಾಯಿ ಬೇಕಾ?" ಎಂದು ಕೇಳುತ್ತಿದ್ದ. "ಬೇಡ," ಎನ್ನಬೇಕಿತ್ತು ಅವಳು. ತೆಗೆದುಕೊಂಡರೆ ರಾಣಿ ಒಬ್ಬಳೇ ಹೊರಗೆ ಬಂದುಬಿಡುತ್ತಾಳೆ, ಆಮೇಲೆ ಗೋಡೆ ಒಡೆಯುವುದು ಸುಲಭ.

ಹುಡುಗ ಎದ್ದು ನೀರು ಕುಡಿಯಲು ಹೊರಟ. ಈಗ ಓಡುತ್ತಿದ್ದದ್ದು ಮೊಂಡಿಯ ಸಮಯ. ತನ್ನ ಕ್ಲಾಕ್ ಓಡುವಾಗ ಅವಳು ಯಾವತ್ತೂ ಕುರ್ಚಿ ಬಿಟ್ಟು ಎದ್ದವಳಲ್ಲ. ಇವತ್ತು ಎದ್ದಳು.

ಕಾರಿಡಾರಿನ ಕೊನೆಯಲ್ಲಿ ನೀರಿನ ಡ್ರಮ್ ಇತ್ತು. ಸುತ್ತಮುತ್ತ ಯಾರೂ ಇರಲಿಲ್ಲ.

"ಏಯ್, ಅದನ್ನ ಮಿಠಾಯಿ ಅಂತ ಯಾರು ಹೇಳ್ಕೊಟ್ಟಿದ್ದು?"

ಹುಡುಗ ಲೋಟ ಹಿಡಿದುಕೊಂಡೇ ಅತ್ತಿತ್ತ ನೋಡಿದ. "ಶ್! ಮಾತಾಡಿದ್ರೆ ಔಟ್ ಮಾಡ್ತಾರೆ."

"ಯಾರೂ ಇಲ್ಲ. ಹೇಳು."

"ಅಂಕಲ್. ನಮ್ಮನೇಲಿದಾರಲ್ಲ, ಅವರು."

"ಯಾವ ಅಂಕಲ್?"

"ಲಿಫ್ಟ್ ರಿಪೇರಿ ಮಾಡ್ತಾರೆ. ಮೊದಲು ನಮ್ಮ ಬಿಲ್ಡಿಂಗ್ ಲಿಫ್ಟ್ ರಿಪೇರಿಗೆ ಬರ್ತಿದ್ರು. ಆಮೇಲೆ ನಮ್ಮನೇಗೇ ಬಂದುಬಿಟ್ರು." ಹುಡುಗ ಭುಜ ಕುಣಿಸಿದ. "ಮೊದಮೊದಲು ನಂಗೆ ಅವರನ್ನ ಕಂಡ್ರೆ ಆಗ್ತಿರ್ಲಿಲ್ಲ. ಈಗ ಪರವಾಗಿಲ್ಲ. ಚೆಸ್ ಮಸ್ತ್ ಆಡ್ತಾರೆ. ನೀನು ಆಡಿದ್ಯಲ್ಲ, ಆ ಡಿಫೆನ್ಸ್ ಒಡೆಯೋದು ಅವರೇ ಹೇಳ್ಕೊಟ್ಟಿದ್ದು."

"ನಿಮ್ಮನೆ ಎಲ್ಲಿ? ಬಂದರು ಇರೋ ಊರಲ್ಲಾ?"

"ಬಂದರಾ? ಇಲ್ಲೇ, ಪೇಟೆ ಬೀದೀಲಿ. ಇಲ್ಲಿಂದ ಮೂರು ಸ್ಟಾಪ್. ಮೆಡಿಕಲ್ ಸ್ಟೋರ್ ಪಕ್ಕ ನೀಲಿ ಗೇಟು."

ಮೊಂಡಿ ಮುಖ ತಿರುಗಿಸಿಕೊಂಡಳು. ಡ್ರಮ್ಮಿನ ನಲ್ಲಿ ತಿರುಗಿಸಿದಳು, ಲೋಟ ಹಿಡಿಯುವುದನ್ನೇ ಮರೆತಳು. ನೀರು ಅವಳ ಚಪ್ಪಲಿಯ ಮೇಲೆ ಸುರಿಯಿತು.

"ಆ ಅಂಕಲ್‌ಗೆ... ಮಕ್ಕಳಿಲ್ವಾ?"

"ಗೊತ್ತಿಲ್ಲಪ್ಪ. ಯಾವತ್ತೂ ಹೇಳಿಲ್ಲ." ಹುಡುಗ ನಲ್ಲಿ ನಿಲ್ಲಿಸಿ ಕೊಟ್ಟ. "ಐದು ಗಂಟೆಗೆ ಬರ್ತಾರೆ ನನ್ನ ಕರ್ಕೊಂಡು ಹೋಗೋಕೆ. ಬೇಕಿದ್ರೆ ನೀನೇ ಕೇಳು. ಬಾ ಬಾ, ನಿನ್ನ ಟೈಮ್ ಓಡ್ತಾ ಇದೆ."

ಒಳ್ಳೆಯ ಹುಡುಗನೇ. ಅದೇ ಕಷ್ಟವಾಗಿದ್ದು. ಕೆಟ್ಟವನಾಗಿದ್ದರೆ ಲೋಟದ ನೀರನ್ನು ಅವನ ಮುಖಕ್ಕೆ ಎರಚಬಹುದಿತ್ತು.

ಮೊಂಡಿ ವಾಪಸ್ ಬಂದು ಕೂತಾಗ ಎಂಟು ನಿಮಿಷ ಹೋಗಿತ್ತು. ಬೋರ್ಡ್ ನೋಡಿದಳು. ಕಾಯಿಗಳು ಕಾಣುತ್ತಿದ್ದವು, ಆಟ ಕಾಣುತ್ತಿರಲಿಲ್ಲ. ಗೋಡೆ ಕಟ್ಟುವುದನ್ನು ಅಪ್ಪ ತನಗೆ ಹೇಳಿಕೊಟ್ಟ. ಅದನ್ನು ಒಡೆಯುವುದನ್ನು ಇವನಿಗೆ ಹೇಳಿಕೊಟ್ಟ. ಎಂಟು ತಿಂಗಳಿಂದ ಅಪ್ಪ ಬಂದರಿನ ಊರಲ್ಲಿ ಅಲ್ಲ, ಬಸ್ಸಿನಲ್ಲಿ ಒಂದು ಗಂಟೆಯ ದಾರಿಯಲ್ಲೇ ಇದ್ದಾನೆ. ಅವಳು ಮಾತ್ರ ಮ್ಯಾಪಿನಲ್ಲಿ ಬಂದರು ಊರಿನ ಸುತ್ತ ಪೆನ್ಸಿಲಿನಿಂದ ಗುಂಡಗೆ ಗೆರೆ ಎಳೆದಿದ್ದಳು.

ಅಪ್ಪ ಬೇಡ ಅಂದಿದ್ದ ಎಂಬ ಒಂದೇ ಕಾರಣಕ್ಕೆ ಅವಳು ಮಿಠಾಯಿ ತೆಗೆದುಕೊಂಡಳು.

ಟಕ್ಕೆಂದು ಕುದುರೆಯಲ್ಲಿ ಹೊಡೆದಳು. ಹುಡುಗ ಕುದುರೆಯಿಂದಲೇ ಆ ಕುದುರೆಯನ್ನು ಹೊಡೆದ. ಅವಳು ರಾಣಿಯಿಂದ ಅವನ ಕುದುರೆಯನ್ನು ಹೊಡೆದಳು. ಹುಡುಗನ ಕಿವಿ ಕೆಂಪಾಯಿತು, ಅವನಿಗೆ ಅಷ್ಟು ಖುಷಿ. ಅವನು ಇನ್ನೊಂದು ಕುದುರೆ ಹೊರತಂದ. ಅಲ್ಲಿ ಇನ್ನೊಂದು ಕಾಲಾಳು ಪುಕ್ಕಟೆ ನಿಂತಿತ್ತು. ಮೊಂಡಿ ಅದನ್ನೂ ತೆಗೆದುಕೊಂಡಳು.

ಆಮೇಲೆ ಆಗಬೇಕಾದದ್ದೇ ಆಯಿತು. ಅವಳ ರಾಣಿ ಒಬ್ಬಳೇ ಬಯಲಿನಲ್ಲಿ, ಉಳಿದವರೆಲ್ಲ ಇನ್ನೂ ಮನೆಯಲ್ಲಿ. ಹುಡುಗನ ಆನೆ ಬಂತು, ಕುದುರೆ ಹಾರಿತು, ಒಂಟೆ ಗುರಿಯಿಟ್ಟಿತು. ಒಂದೊಂದನ್ನೂ ಅವನು ಬಲಕ್ಕೆ ತಿರುಗಿಸಿ ಬಿಗಿ ಮಾಡುತ್ತಿದ್ದ. ಪ್ರತಿ ಸಲವೂ ಮೊಂಡಿ ಅವನ ಬೆರಳಿನಿಂದ ಕಣ್ಣು ಕಿತ್ತು ಬೋರ್ಡಿನ ಇನ್ನೊಂದು ಬದಿ ನೋಡುತ್ತಿದ್ದಳು. ರಾಣಿಯನ್ನು ಉಳಿಸಿಕೊಳ್ಳಲು ಹೋಗಿ ಅವಳು ಇನ್ನೊಂದು ಕುದುರೆ ಕಳೆದುಕೊಂಡಳು.

ಆದರೂ ಮೊಂಡಿ ಮೊಂಡಿಯೇ. ಹಲ್ಲು ಕಚ್ಚಿ ಆಡಿದಳು. ರಾಣಿಗೆ ರಾಣಿ ಬದಲಾಯಿಸಿದಳು. ಗೆಲ್ಲುವ ಆತುರದಲ್ಲಿ ಹುಡುಗ ಸುಮ್ಮಸುಮ್ಮನೆ ನಡೆಸತೊಡಗಿದ. ಅವನ ಸಮಯವೂ ಕರಗುತ್ತಿತ್ತು, ಕೆಂಪು ಶೂಸ್ ಜೋರಾಗಿ ಆಡುತ್ತಿದ್ದವು. ಮೊಂಡಿಗೆ ಒಂದು ಕುದುರೆ ಕಡಿಮೆ, ಆದರೆ ಎರಡು ಕಾಲಾಳು ಜಾಸ್ತಿ. ಎರಡೂ ಜೊತೆಜೊತೆಯಾಗಿ ಮುಂದೆ ಹೋಗುತ್ತಿದ್ದವು. ಇನ್ನೊಂದು ಗಂಟೆ ಎಳೆದರೆ ಡ್ರಾ ಆಗಬಹುದು, ನಿನ್ನೆ ಇದಕ್ಕಿಂತ ಕೆಟ್ಟ ಆಟವನ್ನು ಅವಳು ಡ್ರಾ ಮಾಡಿದ್ದಳು. ನೋಡುವವರಿಗಾಗಿ ಕಟ್ಟಿದ್ದ ಹಗ್ಗದ ಆಚೆ ನಿಂತಿದ್ದ ಲೆಕ್ಕದ ಟೀಚರ್ ಮುಷ್ಟಿ ಬಿಗಿ ಹಿಡಿದು, ಕಣ್ಣಲ್ಲೇ "ಬಿಡಬೇಡ" ಅನ್ನುತ್ತಿದ್ದರು.

ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ.

ಐದು ಗಂಟೆಗೆ ಅಪ್ಪ ಬರುತ್ತಾನೆ. ಆಟ ಎಳೆದರೆ ಅವನನ್ನು ನೋಡಬಹುದು. ಬಂದರಿನ ಊರಿಗೆ ಹೋಗುವುದೇ ಬೇಡ, ಟೀಮೂ ಬೇಡ. ಅವನೇ ಈ ಬಾಗಿಲಿಗೆ ಬರುತ್ತಾನೆ. ಅದೇ ನಡಿಗೆ, ಅದೇ ಗ್ರೀಸಿನ ವಾಸನೆ. ಅವಳಿಗೆ ಒಂದು ಕ್ಷಣ ಎಷ್ಟು ಆಸೆಯಾಯಿತೆಂದರೆ, ನಡೆ ಬರೆದುಕೊಳ್ಳುವುದನ್ನೇ ಮರೆತಳು.

ಆದರೆ ಅವನು ಬರುವುದು ಯಾರಿಗೋಸ್ಕರ? ಬಾಗಿಲಲ್ಲಿ ನಿಂತು ಹಾಲಿನ ತುಂಬ ಕಣ್ಣಾಡಿಸುತ್ತಾನೆ. ಅವನ ಕಣ್ಣು ಹುಡುಕುವುದು ಕೆಂಪು ಶೂಸನ್ನು.

ಮೊಂಡಿ ಕಿಟಕಿಯ ಹೊರಗೆ ನೋಡಿದಳು. ಹಳದಿ ಬಸ್ಸಿನ ಹಿಂದೆ ಅಮ್ಮನ ಶಾಲಿನ ತುದಿ ಕಾಣುತ್ತಿತ್ತು. ಅಮ್ಮ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿದಳು. ದಿನವಿಡೀ ನಿಂತು ಬೆಡ್‌ಶೀಟ್ ಮಡಿಸಿ ಅವಳ ಕಾಲು ಊದಿಕೊಳ್ಳುತ್ತದೆ. ಇಲ್ಲೂ ಬೆಳಗ್ಗೆಯಿಂದ ನಿಂತೇ ಇದ್ದಾಳೆ.

ಪಾಪ, ಅಮ್ಮನಿಗೆ ಏನೂ ಗೊತ್ತಿಲ್ಲ ಅಂದುಕೊಂಡಳು ಮೊಂಡಿ. ಬಂದರಿನ ಊರು ಅಂತ ಅಪ್ಪ ಅಮ್ಮನಿಗೂ ಸುಳ್ಳು ಹೇಳಿದ್ದಾನೆ. ಅದನ್ನು ನಂಬಿಕೊಂಡು ಅಮ್ಮ ದಿನಾ ಫೋನಿಗೆ ಕಾಯುತ್ತಾಳೆ. ಐದು ಗಂಟೆಗೆ ಆ ಗೇಟಿನಿಂದ ಅಪ್ಪ ಒಳಗೆ ಬಂದರೆ, ಬೇರೆ ಯಾರದೋ ಮಗನ ಕೈ ಹಿಡಿದುಕೊಂಡು ಹೊರಗೆ ಹೋದರೆ, ಅಮ್ಮ ಅದನ್ನು ಬಸ್ಸಿನ ಹಿಂದೆ ನಿಂತು ನೋಡುತ್ತಾಳೆ. ಆಗ ಅಮ್ಮನ ಮುಖ ಹೇಗಾಗುತ್ತದೆ ಎಂದು ಯೋಚಿಸಲು ಹೋಗಿ ಅವಳು ಅಲ್ಲಿಗೇ ನಿಲ್ಲಿಸಿದಳು.

ಇನ್ನೆರಡು ನಡೆ ಆಡಿದಳು. ಆನೆಯನ್ನು ಕಾಲಾಳಿನ ಹಿಂದೆ ತಂದು ನಿಲ್ಲಿಸಿದಳು. ಒಳ್ಳೆಯ ನಡೆ. ಹುಡುಗ ತಲೆ ಕೆರೆದುಕೊಂಡು ಬಹಳ ಹೊತ್ತು ಯೋಚಿಸಿ ರಾಜನನ್ನು ಸರಿಸಿದ. ಈಗ ನಿಜವಾಗಿಯೂ ಡ್ರಾ ಕಾಣುತ್ತಿತ್ತು. ಅವಳಿಗೂ ಕಂಡಿತು, ಟೀಚರಿಗೂ ಕಂಡಿತು.

ನಾಲ್ಕು ನಲವತ್ತು.

ಮೊಂಡಿ ಕ್ಲಾಕ್ ನಿಲ್ಲಿಸಿ ಕೈ ಚಾಚಿದಳು. "ಸೋತೆ."

ಹುಡುಗ ಕೈ ಕೊಡುವುದನ್ನೇ ಮರೆತು ಅವಳನ್ನು ನೋಡಿದ. "ಯಾಕೆ? ಇನ್ನೂ ಇದೆಯಲ್ಲ ಆಟ?"

"ಸೋತೆ ಅಂದೆ. ಕೈ ಕೊಡು."

ಅವನ ಕೈ ಬೆವೆತಿತ್ತು. ಸ್ಕೋರ್ ಶೀಟಿಗೆ ಇಬ್ಬರೂ ಸಹಿ ಹಾಕಬೇಕು. ಪ್ರತಿ ನಡೆಯನ್ನೂ ಬರೆದುಕೊಳ್ಳುವ ಹಾಳೆ ಅದು. ಹುಡುಗ ತನ್ನ ಹಾಳೆಯನ್ನು ಅವಳ ಮುಂದೆ ತಳ್ಳಿದ.

"ಇದನ್ನ ನೀನು ಮನೇಗೆ ತಗೊಂಡು ಹೋಗ್ತೀಯಾ?" ಮೊಂಡಿ ಕೇಳಿದಳು.

"ಹೂಂ. ಅಡೀಲಿರೋ ಕಾರ್ಬನ್ ಕಾಪಿ ನಮಗೇ. ಅಂಕಲ್ ಎಲ್ಲಾ ಆಟಾನೂ ಕೂತ್ಕೊಂಡು ನೋಡ್ತಾರೆ."

ಮೊಂಡಿ ಪೆನ್ ಒತ್ತಿ ಹಿಡಿದಳು. ಅಡಿಯ ಹಾಳೆಯಲ್ಲೂ ಚೆನ್ನಾಗಿ ಮೂಡಲಿ ಎಂದು, ಸಹಿಯ ಜಾಗದಲ್ಲಿ ತನ್ನ ಪೂರ್ತಿ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಬರೆದಳು. ಅದರ ಕೆಳಗೆ ಇನ್ನೊಂದು ಪದ ಬರೆದಳು. ಮೊಂಡಿ. ಹುಡುಗ ಅದನ್ನು ಓದಲೂ ಇಲ್ಲ, ಅಡಿಯ ಹಾಳೆಯನ್ನು ಮಡಚಿ ಜೇಬಿಗೆ ತುರುಕಿಕೊಂಡು ಗೆದ್ದ ಸುದ್ದಿ ಹೇಳಲು ಆರ್ಬಿಟರ್ ಹತ್ತಿರ ಓಡಿದ.

"ಏನೇ ಮಾಡ್ದೆ ನೀನು?" ಲೆಕ್ಕದ ಟೀಚರ್ ಹಗ್ಗದ ಹತ್ತಿರವೇ ತಡೆದರು. ಅವರ ದನಿ ಅಳು ಬರುವ ಹಾಗಿತ್ತು. "ಡ್ರಾ ಇತ್ತಲ್ಲೇ! ಕೈಯಲ್ಲಿತ್ತು! ನೀನೇ ಹೀಗೆ ಬಿಟ್ಟುಕೊಟ್ರೆ ಹೇಗೆ?"

"ಹೊಟ್ಟೆ ನೋವು ಟೀಚರ್," ಎಂದು ಮೊಂಡಿ ಅವರ ಕೈ ತಪ್ಪಿಸಿಕೊಂಡು ಹೊರಗೆ ಓಡಿದಳು. ಅದು ಪೂರ್ತಿ ಸುಳ್ಳೇನಲ್ಲ.

"ಅಮ್ಮಾ, ನಡಿ. ಹೋಗೋಣ."

"ಮುಗೀತಾ? ಏನಾಯ್ತು?"

"ಸೋತೆ. ನಡಿಯಮ್ಮ, ಬಸ್ ಬಂದುಬಿಡುತ್ತೆ."

ಅಮ್ಮ ಅವಳ ಮುಖ ನೋಡಿದಳು. ಹೇಗೆ ಸೋತೆ, ಯಾರ ಕೈಯಲ್ಲಿ ಸೋತೆ, ಟೀಮ್ ಏನಾಯಿತು, ಒಂದನ್ನೂ ಕೇಳಲಿಲ್ಲ. ಶಾಲನ್ನು ಹಣೆಯ ತನಕ ಎಳೆದುಕೊಂಡು, ಚೀಲ ಎತ್ತಿಕೊಂಡು, ಮೊಂಡಿಗಿಂತ ಮುಂದೆ ನಡೆದಳು. ಊದಿದ ಕಾಲಿನಲ್ಲಿ ಇಷ್ಟು ಬೇಗ ನಡೆಯುವುದು ಸಾಧ್ಯ ಎಂದು ಮೊಂಡಿಗೆ ಗೊತ್ತೇ ಇರಲಿಲ್ಲ.

ಬಸ್ ಐದು ನಿಮಿಷದಲ್ಲಿ ಬಂತು. ಅರ್ಧ ಖಾಲಿಯಿತ್ತು. ಮೊಂಡಿ ಮೊದಲು ಹತ್ತಿ ಕಿಟಕಿಯ ಪಕ್ಕ ಕೂತಳು. ಮೂರು ಸ್ಟಾಪ್ ದಾಟುವ ತನಕ ಅಮ್ಮ ಹೊರಗೆ ನೋಡಬಾರದು. ತಾನು ಅಡ್ಡ ಕೂತು, ಏನಾದರೂ ಮಾತಾಡುತ್ತಾ ಇದ್ದರಾಯಿತು.

"ಏಳು, ಕಿಟಕಿ ಹತ್ತಿರ ನಾನು ಕೂರ್ತೀನಿ," ಎಂದಳು ಅಮ್ಮ.

"ನಾನೇ ಕೂರ್ತೀನಮ್ಮ."

"ಬಿಸಿಲು ಹೊಡೆಯುತ್ತೆ ನಿಂಗೆ."

"ಪರವಾಗಿಲ್ಲ."

"ಏಳು ಅಂದೆ!"

ಅಮ್ಮ ಅಷ್ಟು ಜೋರಾಗಿ ಹೇಳಿದ್ದಕ್ಕೆ ಮುಂದಿನ ಸೀಟಿನವರು ತಿರುಗಿ ನೋಡಿದರು. ಮೊಂಡಿ ಎದ್ದು ಜಾಗ ಬಿಟ್ಟಳು. ಬಿಸಿಲು ಆ ಕಡೆ ಇರಲೇ ಇಲ್ಲ. ಎದುರು ಸಾಲಿನ ಸೀಟುಗಳ ಮೇಲೆ ಬೀಳುತ್ತಿತ್ತು.

ಒಂದು ಸ್ಟಾಪ್ ಹೋಯಿತು. ಎರಡನೆಯದೂ ಹೋಯಿತು. ಮೊಂಡಿ ಮಾತಿಗೆ ಮಾತು ಹುಡುಕುತ್ತಿದ್ದಳು. "ಅಮ್ಮ, ಆರ್ಬಿಟರಿಗೆ ಎರಡು ಕನ್ನಡಕ ಗೊತ್ತಾ? ತಲೆ ಮೇಲಿರೋದನ್ನ ಮರೆತು ಹುಡುಕ್ತಿದ್ರು," ಎಂದಳು. ಅಮ್ಮ "ಹೂಂ, ಹೂಂ" ಅನ್ನುತ್ತಿದ್ದಳು. ಅವಳ ಕಿವಿ ಇಲ್ಲಿರಲಿಲ್ಲ, ಕೈ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು.

ಬಸ್ ಪೇಟೆ ಬೀದಿಗೆ ತಿರುಗಿತು. ತಿರುಗಿದ ಕೂಡಲೇ ಅಮ್ಮ ಬೆನ್ನನ್ನು ಕಿಟಕಿಗೆ ಒತ್ತಿ, ಮೊಂಡಿಯ ಗಲ್ಲ ಹಿಡಿದು ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

"ಇಲ್ಲೇನೋ ಅಂಟಿದೆ, ಇರು," ಎಂದು ಶಾಲಿನ ತುದಿಯಿಂದ ಅವಳ ಕೆನ್ನೆ ಒರೆಸತೊಡಗಿದಳು.

"ಏನಮ್ಮ?"

"ಇಂಕು. ಇರು, ಅಲ್ಲಾಡಬೇಡ."

ಒರೆಸಿದಳು, ಒರೆಸಿದಳು, ಒರೆಸುತ್ತಲೇ ಇದ್ದಳು. ಕೆನ್ನೆ ಉರಿಯತೊಡಗಿತು. ಬ್ಲೀಚಿನಿಂದ ಒರಟಾದ ಆ ಬೆರಳುಗಳ ಸಂದಿಯಿಂದ, ಅಮ್ಮನ ಭುಜದ ಆಚೆ, ಒಂದು ಮೆಡಿಕಲ್ ಸ್ಟೋರಿನ ಬೋರ್ಡು ಹಾದುಹೋಯಿತು. ಅದರ ಪಕ್ಕ ನೀಲಿ ಗೇಟು. ಗೇಟಿ‌ನ ಮುಂದೆ ಒಂದು ಸ್ಕೂಟರ್, ಹಿಂದಿನ ಸೀಟಿಗೆ ಸಾಮಾನಿನ ಪೆಟ್ಟಿಗೆ ಕಟ್ಟಿತ್ತು. ಅಮ್ಮ ತಿರುಗಿ ನೋಡಲಿಲ್ಲ. ತಿರುಗಿ ನೋಡುವ ಅಗತ್ಯವೇ ಅವಳಿಗೆ ಇರಲಿಲ್ಲ.

ಬಸ್ ಗೇಟು ದಾಟಿತು. ಒರೆಸುವುದು ನಿಂತಿತು.

"ಹೋಯ್ತು," ಎಂದಳು ಅಮ್ಮ. ಶಾಲಿನ ತುದಿಯನ್ನು ಮಡಿಲಿಗೆ ಬಿಟ್ಟಳು. ಅದರಲ್ಲಿ ಇಂಕಿನ ಕಲೆ ಇರಲಿಲ್ಲ.

ಮೊಂಡಿ ಆ ಬಿಳಿ ತುದಿಯನ್ನೇ ನೋಡುತ್ತಾ ಕೂತಳು. ಇಷ್ಟು ದೂರ ಬೇಡ ಎಂದು ಒಂದು ವಾರ ಹಿಡಿದ ಹಟ, ಹಳದಿ ಬಸ್ಸಿನ ಹಿಂದೆ ನಿಂತ ಎರಡು ದಿನ, ಅನ್ನದ ಜೊತೆ ಬಡಿಸಿದ ಫೋನ್ ಕತೆಗಳು. ಅಮ್ಮ ನಂಬಿಕೊಂಡು ಕಾಯುತ್ತಿರಲಿಲ್ಲ. ಎಂಟು ತಿಂಗಳಿಂದ ಒಬ್ಬಳೇ ಒಳಗೆ ಕೂತು ಈ ಗೋಡೆ ಕಟ್ಟುತ್ತಿದ್ದಳು.

"ಸೋತಿದ್ದಕ್ಕೆ ಬೇಜಾರು ಮಾಡ್ಕೋಬೇಡ," ಎಂದಳು ಅಮ್ಮ, ಕಿಟಕಿಯ ಕಡೆ ನೋಡುತ್ತಾ. "ಅಪ್ಪ ಏನೂ ಅನ್ನಲ್ಲ. ಫೋನ್ ಮಾಡಿದಾಗ ನಾನೇ ಹೇಳ್ತೀನಿ."

ಮೊಂಡಿ ಶಾಲಿನ ತುದಿಯನ್ನು ಎತ್ತಿ ಮಡಚಿದಳು.

"ಅಪ್ಪಂಗೆ ಅಲ್ಲಿ ತುಂಬ ಕೆಲಸ ಇರುತ್ತೆ ಬಿಡಮ್ಮ," ಎಂದಳು. "ಫೋನ್ ಮಾಡದಿದ್ರೂ ಪರವಾಗಿಲ್ಲ."

ಅಮ್ಮ ಗಕ್ಕನೆ ತಿರುಗಿ ಅವಳನ್ನು ನೋಡಿದಳು. ಮೊಂಡಿ ಎದುರಿನ ಸೀಟಿನ ಕಂಬಿಯನ್ನೇ ನೋಡುತ್ತಿದ್ದಳು. ಬಸ್ ಒಂದು ಸ್ಟಾಪಿನಲ್ಲಿ ನಿಂತು ಜನರನ್ನು ಇಳಿಸಿ, ಹತ್ತಿಸಿಕೊಂಡು ಮತ್ತೆ ಹೊರಟಿತು.

"ಹೂಂ," ಎಂದಳು ಅಮ್ಮ ಆಮೇಲೆ, ತುಂಬ ಮೆಲ್ಲಗೆ. "ತುಂಬ ಕೆಲಸ."

ಮೊಂಡಿ ಇನ್ನಷ್ಟು ಹತ್ತಿರ ಸರಿದು ಕೂತಳು. ಅಮ್ಮನ ಮಡಿಲಲ್ಲಿದ್ದ ಚೀಲವನ್ನು ತೆಗೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.